ಅವಳಿಗಳು ನಡೆದು ಬಂದ ದಾರಿ

ಉತ್ತರ ಬೆಂಗಳೂರಿನ ಹೆಬ್ಬಾಳ, ಆರ್.ಟಿ. ನಗರ, ಯಲಹಂಕದ ಕಡೆ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ಕುಟುಂಬಗಳು ಬೇಕಾದಷ್ಟಿವೆ. ಬಳ್ಳಾರಿ ರಸ್ತೆ ಹಿಡಿದು ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿದರೆ ಆಂಧ್ರವೇ. ಈ ದಾರಿಯಲ್ಲಿ ಸಿನಿಮಾ ಕತೆಗಳು ಹೆಚ್ಚಾಗಿ ಆ ಕಡೆಯಿಂದ ಈ ಕಡೆಗೆ ಬಂದಿವೆ. ಆದರೆ 1998ರಲ್ಲಿ ಒಂದು ಕತೆ ಇಲ್ಲಿಂದ ಅಲ್ಲಿಗೆ ಹೋಯಿತು. ರಾಜೇಂದ್ರ ಪ್ರಸಾದ್ ಅಭಿನಯದ ತೆಲುಗು 'ಉಲ್ಟಾ ಪಲ್ಟಾ', ಅದರ ಹಿಂದಿನ ವರ್ಷ ಬಂದ ಅದೇ ಹೆಸರಿನ ಕನ್ನಡ ಚಿತ್ರದ ರೀಮೇಕ್.

ಪತ್ರಕರ್ತರಾಗಿದ್ದ ಎನ್.ಎಸ್. ಶಂಕರ್ ನಿರ್ದೇಶಿಸಿದ ಆ ಕನ್ನಡ ಚಿತ್ರದಲ್ಲಿ ರಮೇಶ್ ಅರವಿಂದ್ ಅವರದು ದ್ವಿಪಾತ್ರ. ಮೂಲ ಎಳೆ ಶೇಕ್ಸ್‌ಪಿಯರನ 'ಕಾಮಿಡಿ ಆಫ್ ಎರರ್ಸ್' ನಾಟಕದ್ದು. ಕೂಸುಗಳಾಗಿದ್ದಾಗಲೇ ಬೇರೆಯಾದ ಅವಳಿ ಯಜಮಾನರು, ಅವರಿಗೆ ಅವಳಿ ಆಳುಗಳು. ನಾಲ್ವರೂ ಒಂದೇ ಊರಿನಲ್ಲಿದ್ದಾರೆ, ಅದು ಯಾರಿಗೂ ಗೊತ್ತಿಲ್ಲ. ಆ ನಾಟಕದಲ್ಲಿ ನನಗೆ ತುಂಬ ಇಷ್ಟವಾದ ಸನ್ನಿವೇಶವೊಂದಿದೆ. ಗಂಡ ಊಟಕ್ಕೆಂದು ಸ್ನೇಹಿತರನ್ನು ಕರೆದುಕೊಂಡು ಮನೆಗೆ ಬರುತ್ತಾನೆ. ಬಾಗಿಲು ಹಾಕಿದೆ. ಎಷ್ಟು ಬಡಿದರೂ ತೆಗೆಯುವುದಿಲ್ಲ, ಒಳಗಿನಿಂದ ಆಳು ಗದರಿಸುತ್ತಾನೆ. ಹೆಂಡತಿ ಒಳಗೆ ತನ್ನ ಗಂಡನೆಂದೇ ನಂಬಿ ಮತ್ತೊಬ್ಬನಿಗೆ ಬಡಿಸುತ್ತಿದ್ದಾಳೆ. ಆಕೆಯ ತಪ್ಪಿಲ್ಲ, ಉಣ್ಣುತ್ತಿರುವವನದೂ ತಪ್ಪಿಲ್ಲ, ಹೊರಗೆ ನಿಂತವನ ಸಿಟ್ಟಿಗೂ ಕಾರಣವಿದೆ. ಯಾರೂ ಕೆಟ್ಟವರಲ್ಲದೆಯೂ ಒಂದು ಸಂಸಾರ ಮುರಿದು ಬೀಳುವ ಅಂಚಿಗೆ ಬಂದು ನಿಲ್ಲುತ್ತದೆ. ಈ ಕತೆ ನಾನೂರು ವರ್ಷ ದಾಟಿ ಬದುಕಿರುವುದು ಇದೇ ಕಾರಣಕ್ಕೆಂದು ನಾನು ನಂಬುತ್ತೇನೆ.

ಶೇಕ್ಸ್‌ಪಿಯರನಿಗೂ ಇದು ಸ್ವಂತದ್ದಲ್ಲ. ರೋಮನ್ ನಾಟಕಕಾರ ಪ್ಲಾಟಸ್ ಒಂದು ಜೋಡಿ ಅವಳಿಗಳನ್ನಿಟ್ಟು ಬರೆದಿದ್ದ. ಶೇಕ್ಸ್‌ಪಿಯರ್ ಆಳುಗಳ ಇನ್ನೊಂದು ಜೋಡಿ ಸೇರಿಸಿದ. 1869ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಇದನ್ನು 'ಭ್ರಾಂತಿವಿಲಾಸ' ಎಂಬ ಬಂಗಾಳಿ ಗದ್ಯಕತೆಯಾಗಿಸಿದರು. ಯಜಮಾನರು ಚಿರಂಜೀವರಾದರು, ಆಳುಗಳು ಕಿಂಕರರಾದರು, ಊರುಗಳು ಹೇಮಕೂಟ, ಜಯಸ್ಥಳ ಆದವು. ಅದು 1963ರಲ್ಲಿ ಉತ್ತಮ್ ಕುಮಾರ್ ಅಭಿನಯದ ಚಿತ್ರವಾಯಿತು. ಹಿಂದಿಯಲ್ಲಿ 1968ರ 'ದೋ ದೂನಿ ಚಾರ್', 1982ರಲ್ಲಿ ಗುಲ್ಜಾರರ 'ಅಂಗೂರ್' ಬಂದವು.

ಕನ್ನಡದ ಪಾಲು ಇಲ್ಲಿ ದೊಡ್ಡದು. 1871ರಲ್ಲೇ ಚನ್ನಬಸಪ್ಪನವರು ಇದೇ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ಕನ್ನಡಕ್ಕೆ ತಂದರು. ಶೇಕ್ಸ್‌ಪಿಯರ್ ಕನ್ನಡದ ಬಾಗಿಲು ತಟ್ಟಿದ್ದು ಹೀಗೆ, ನಗುವಿನೊಂದಿಗೆ. ಐದು ವರ್ಷದ ನಂತರ ಬಿ. ವೆಂಕಟಾಚಾರ್ಯರು ವಿದ್ಯಾಸಾಗರರ ಬಂಗಾಳಿ ಕೃತಿಯನ್ನೇ ಅನುವಾದಿಸಿದರು. ಬಂಕಿಮಚಂದ್ರರನ್ನು ಕನ್ನಡ ಓದುಗರ ಮನೆಮನೆಗೆ ತಲುಪಿಸಿದವರೂ ಇವರೇ. ಒಂದೇ ಕತೆ, ಎರಡು ದಾರಿ, ಐದು ವರ್ಷದೊಳಗೆ ಎರಡು ಕನ್ನಡ ಪುಸ್ತಕ! ಇಂದು ಸಿನಿಮಾ ಚರ್ಚೆಗಳಲ್ಲಿ 'ಅಂಗೂರ್' ಬಗ್ಗೆ ಮಾತಾಡುವ ನಾವು ಇವರಿಬ್ಬರನ್ನು ನೆನೆಯದಿರುವುದು ಅನ್ಯಾಯ.

ಸಿನಿಮಾಕ್ಕೆ ಈ ಕತೆ ಹೊಂದಿಕೊಳ್ಳಲು ತಾಂತ್ರಿಕ ಕಾರಣವೂ ಇದೆ. ರೀಲಿನ ಕಾಲದಲ್ಲಿ ಒಬ್ಬನೇ ನಟನನ್ನು ಒಂದೇ ಚೌಕಟ್ಟಿನಲ್ಲಿ ಇಬ್ಬರಾಗಿ ತೋರಿಸಲು ಲೆನ್ಸಿನ ಅರ್ಧ ಭಾಗ ಮುಚ್ಚಿ ಚಿತ್ರಿಸಿ, ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧವನ್ನು ಮತ್ತೆ ಚಿತ್ರಿಸಬೇಕಿತ್ತು. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಶಾಟ್ ಕೆಟ್ಟಂತೆ. ಈ ಕತೆಯಲ್ಲಾದರೋ ಅವಳಿಗಳು ಕೊನೆಯವರೆಗೂ ಎದುರುಬದುರಾಗುವಂತಿಲ್ಲ. ಎದುರಾದರೆ ಕತೆಯೇ ಮುಗಿಯಿತು. ಹಾಗಾಗಿ ಇಲ್ಲಿ ದುಡ್ಡಿಗಿಂತ ಹೆಚ್ಚಾಗಿ ಬೇಕಾಗುವುದು ಅಚ್ಚುಕಟ್ಟಾದ ಚಿತ್ರಕತೆ: ಯಾರು ಯಾವ ಬಾಗಿಲಿನಿಂದ ಹೋದರು, ಯಾರ ಕೈಯಲ್ಲಿ ಏನಿತ್ತು ಎಂಬ ಲೆಕ್ಕ ಎಲ್ಲೂ ತಪ್ಪಬಾರದು. ಪಾತ್ರಗಳು ಮೋಸಹೋಗಬೇಕು, ಪ್ರೇಕ್ಷಕ ಮೋಸಹೋಗಬಾರದು.

ಗೊಂದಲದ ಪ್ರೇಮಕತೆ ಕನ್ನಡ ತೆರೆಗೆ ಹೊಸದಾಗಿರಲಿಲ್ಲ. 1990ರ 'ಗಣೇಶನ ಮದುವೆ'ಯಲ್ಲಿ ಒಂದೇ ವಠಾರದಲ್ಲಿ ಸದಾ ಜಗಳವಾಡುವ ಅನಂತನಾಗ್, ವಿನಯಾ ಪ್ರಸಾದ್ ಬೇರೆ ಹೆಸರುಗಳ ಮರೆಯಲ್ಲಿ ಪರಸ್ಪರ ಪ್ರೀತಿಸುತ್ತಾರೆ. ಅಂಥ ನಗುವಿಗೆ ಒಗ್ಗಿದ ಪ್ರೇಕ್ಷಕರ ಮುಂದೆಯೇ 'ಉಲ್ಟಾ ಪಲ್ಟಾ' ಬಂದದ್ದು.

ಉತ್ತರ ಬೆಂಗಳೂರಿನ ಕಾಲೇಜು ರಂಗತಂಡಗಳಲ್ಲಿ ನನ್ನದೊಂದು ಕೋರಿಕೆ: ಈ ವರ್ಷ ಚನ್ನಬಸಪ್ಪನವರ ಪುಸ್ತಕ ಹುಡುಕಿ ತೆಗೆದು ರಂಗಕ್ಕೆ ತನ್ನಿ. ಕನ್ನಡ, ತೆಲುಗು ಎರಡೂ ಬಲ್ಲ ನಿಮ್ಮ ನೆರೆಹೊರೆಯವರನ್ನೂ ನೋಡಲು ಕರೆಯಿರಿ.