ಟಿಸಿ ಬಾಯಿ ಬಿಟ್ಟಿತು!

ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು, ಕೈಯಲ್ಲಿನ ಯಂತ್ರದಿಂದ ಚರ್ರನೆ ಬಿಲ್ ಹರಿದುಕೊಟ್ಟು ಹೋದರೆ ಒಂದು ಮನೆಗೆ ವರ್ಷಕ್ಕೆ ಹನ್ನೆರಡೇ ಅಂಕಿ. ಸ್ಮಾರ್ಟ್ ಮೀಟರ್ ಹದಿನೈದು ನಿಮಿಷಕ್ಕೊಮ್ಮೆ ಬರೆದುಕೊಂಡರೆ? ದಿನಕ್ಕೆ 96, ವರ್ಷಕ್ಕೆ 35,040! ಹತ್ತು ಲಕ್ಷ ಮನೆಗಳಿಗೆ ಒಂದೇ ದಿನದಲ್ಲಿ 9.6 ಕೋಟಿ. ದೇಶ ಇಟ್ಟುಕೊಂಡಿರುವ ಗುರಿ 25 ಕೋಟಿ ಮೀಟರ್. ಮುಂದಿನ ಗುಣಾಕಾರ ನಿಮಗೇ ಬಿಟ್ಟೆ, ನನಗೆ ತಲೆ ಸುತ್ತುತ್ತಿದೆ.

ಸುಮ್ಮನೆ ಬಿದ್ದಿದ್ದರೆ ಇಷ್ಟೂ ಕಸ. ಅಂಕಿಗಳ ಉಗ್ರಾಣವಾದ ಡೇಟಾ ವೇರ್‌ಹೌಸ್‌ನ ಕರಾಮತ್ತು ಇಲ್ಲಿದೆ ನೋಡಿ. ನಿಮ್ಮ ಆರ್‌ಆರ್ ನಂಬರ್ (ಗ್ರಾಹಕ ಸಂಖ್ಯೆ) ಇರುವುದು ಬಿಲ್ಲಿಂಗ್ ವಿಭಾಗದಲ್ಲಿ. ಊರಿಗೆ ಕರೆಂಟು ತರುವ ಫೀಡರ್ ಲೈನಿನ ಲೆಕ್ಕ ಸಬ್‌ಸ್ಟೇಷನ್ನಿನಲ್ಲಿ. ಕಂಬಗಳ, ಟಿಸಿಗಳ (ಬೀದಿಯ ಟ್ರಾನ್ಸ್‌ಫಾರ್ಮರ್‌ಗಳ) ನಕ್ಷೆ ಮತ್ತೆಲ್ಲೋ. ಒಂದರ ಮುಖ ಒಂದು ನೋಡದ ಈ ಮೂರನ್ನೂ ಒಂದೆಡೆ ಕೂರಿಸಿ, ಯಾವ ಮನೆ ಯಾವ ಟಿಸಿಗೆ, ಯಾವ ಟಿಸಿ ಯಾವ ಫೀಡರ್‌ಗೆ ಎಂದು ಗಂಟು ಹಾಕಿದರೆ ಸಾಕು, ಟಿಸಿ ಬಾಯಿ ಬಿಡುತ್ತದೆ!

ಒಂದು ಟಿಸಿಗೆ ತಿಂಗಳಲ್ಲಿ 10,000 ಯೂನಿಟ್ ಬಂತೆನ್ನಿ. ಅದರಡಿಯ ಬಿಲ್ಲುಗಳನ್ನೆಲ್ಲ ಕೂಡಿದರೆ 8,200. ತಂತಿ ಬಿಸಿಯಾಗಿ ಒಂದಿಷ್ಟು ಸೋರುವುದು ಸಹಜ. 1,800 ಯೂನಿಟ್ ಸೋರೀತೇ? ಯಾರೋ ಕೊಕ್ಕೆ ಹಾಕಿದ್ದಾರೆ, ಇಲ್ಲವೇ ಮೀಟರ್ ಕೆಟ್ಟಿದೆ. ಹಾಗೆಂದು ಜೀಪು ಹತ್ತುವ ಮುನ್ನ ಪಕ್ಕದ ಟಿಸಿ ನೋಡಿ: ಬಂದದ್ದಕ್ಕಿಂತ ಹೆಚ್ಚು ಮಾರಿಬಿಟ್ಟಿದೆ! ಕರೆಂಟು ಹಡೆಯುವ ಟಿಸಿ ಎಲ್ಲಾದರೂ ಉಂಟೆ? ನಡೆದದ್ದು ಇಷ್ಟೇ: ಲೋಡ್ ಜಾಸ್ತಿಯಾಯಿತೆಂದು ಲೈನ್‌ಮನ್ ಈ ಪಕ್ಕದ ಟಿಸಿಯ ಕೆಲವು ಮನೆಗಳನ್ನು ಮೊದಲಿನ ಟಿಸಿಗೆ ಬದಲಿಸಿದ್ದಾನೆ, ಕಡತದಲ್ಲಿ ಅವಿನ್ನೂ ಪಕ್ಕದ ಟಿಸಿಯಲ್ಲೇ ಇವೆ. ಕಳ್ಳತನವೂ ಇಲ್ಲ, ಪವಾಡವೂ ಇಲ್ಲ. ಒಂದೇ ಲೆಕ್ಕ ನೋಡಿದ್ದರೆ ಒಂದು ಬೀದಿಗೆ ಬೀದಿಯೇ ಕಳ್ಳರ ಬೀದಿಯಾಗುತ್ತಿತ್ತು!

ಹಳೆಯ ಅಂಕಿಗಳನ್ನು ಜೋಪಾನ ಮಾಡುವುದೂ ವೇರ್‌ಹೌಸಿನದೇ ಕೆಲಸ. ಅವಕ್ಕೆಷ್ಟು ಬೆಲೆ ಎಂಬುದು 2023ರಲ್ಲಿ ಮನೆಗಳಿಗೆ ಉಚಿತ ಕರೆಂಟು ಕೊಡುವ ರಾಜ್ಯದ ಗೃಹಜ್ಯೋತಿ ಯೋಜನೆ ಬಂದಾಗ ಗೊತ್ತಾಯಿತು. ಪ್ರತಿ ಮನೆಯ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಮಿತಿ 200 ಯೂನಿಟ್: ಆಗ ಉಚಿತವಾಗಿ ಸಿಕ್ಕಿದ್ದು ಇಷ್ಟು. ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ಟೇ ಆಧಾರವಾಯಿತು. ಡ್ರಾಯರ್ ಸೇರಿದ್ದ ಬಿಲ್ಲುಗಳು ಎದ್ದು ಕೂತವು!

ಇನ್ನು ರೈತರ ನೀರಾವರಿ ಪಂಪು, ಅಂದರೆ ಐಪಿ ಸೆಟ್. ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಬಹಳಷ್ಟಕ್ಕೆ ಮೀಟರೇ ಇಲ್ಲ. ಲೆಕ್ಕ ಎಲ್ಲಿಂದ? ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಹೊಲದ ಫೀಡರ್ ಬೇರೆ ಆಗಿದೆಯಲ್ಲ, ಅಲ್ಲಿಂದ! ಹೊಲದ ಫೀಡರ್‌ಗೆ ಹೋದದ್ದರಲ್ಲಿ ಲೈನಿನ ಸೋರಿಕೆ ಕಳೆದು, ಪಂಪ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಒಂದೂ ಬಾವಿಯ ಬಳಿ ಹೋಗದೆ, ಆ ಬಯಲಿನ ಒಂದು ಪಂಪ್ ತಿಂಗಳಿಗೆ ಸರಾಸರಿ ಕುಡಿಯುವ ಕರೆಂಟೆಷ್ಟು ಎಂದು ಆಫೀಸಿನ ಕುರ್ಚಿಯಲ್ಲೇ ಅಂದಾಜು ಸಿಗುತ್ತದೆ!