ರಸಮಂಜರಿಯ ಸದ್ದು, ಮಗಳ ಕಿವಿ

ಪ್ರಶ್ನೆ: ಹಾವೇರಿಯ ರಸಮಂಜರಿಗೆ ಹೋಗೋಣ ಎಂದು ಆರು ವರ್ಷದ ಮಗಳು ಹಟ ಹಿಡಿದಿದ್ದಾಳೆ. ಸ್ಪೀಕರ್ ಮುಂದೆ ನಿಂತರೆ ನನ್ನ ಎದೆಯೇ ದಡದಡ ಅನ್ನುತ್ತದೆ. ಅವಳ ಗತಿ?
– ಒಬ್ಬ ತಾಯಿ, ಅಗಡಿ

ಉತ್ತರ: ಎದೆ ನಡುಗಿಸುವುದು ಬೇಸ್ ಸದ್ದು. ಸೆಕೆಂಡಿಗೆ 50 ಸಲ ಕಂಪಿಸುವ ಸದ್ದಿನ ಒಂದೊಂದು ಅಲೆಯೂ ಸುಮಾರು 7 ಮೀಟರ್ ಉದ್ದ; ಪಕ್ಕೆಲುಬಿನ ಗೂಡೂ ಅದರ ಜೊತೆ ಅದುರುತ್ತದೆ. ಅದಕ್ಕೆ ಹೆದರಬೇಕಿಲ್ಲ. ಪೆಟ್ಟು ಬೀಳುವುದು ಒಳಗಿವಿಯ ಕೂದಲಿನಂಥ ಜೀವಕೋಶಗಳಿಗೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ದುಡಿಯುವ ದೊಡ್ಡವರಿಗೇ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧವಾಗುತ್ತ ಹೋಗಿ, 100 ಡೆಸಿಬಲ್ಲಿಗೆ ಬರೀ 15 ನಿಮಿಷಕ್ಕೆ ಇಳಿಯುತ್ತದೆ. ವೇದಿಕೆಯ ಎದುರಿಗೆ ಅಷ್ಟು ಸದ್ದು ಅಪರೂಪವೇನಲ್ಲ.

ಹಾಗಂತ ಮಗುವಿನ ಆಸೆ ಮುರಿಯಬೇಡಿ. ಬಯಲಲ್ಲಿ ದೂರ ದುಪ್ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ತಗ್ಗುತ್ತದೆ; ಹಿಂದೆ, ಸ್ಪೀಕರಿನ ನೇರ ತಪ್ಪಿಸಿ ಕೂರಿಸಿ. ಹತ್ತಿ ತುರುಕುವುದು ಅಜ್ಜಿಯ ಕಾಲದ ಉಪಾಯ, ಪ್ರಯೋಜನ ಅಷ್ಟಕ್ಕಷ್ಟೆ. ಹೆಡ್‌ಫೋನಿನಂತೆ ಕಾಣುವ ಇಯರ್‌ಮಫ್ ಒಳ್ಳೆಯದಿದ್ದರೆ 20 ಡೆಸಿಬಲ್ಲಿಗೂ ಹೆಚ್ಚು ತಡೆಯುತ್ತದೆ. ಅವಳೇ ಕಿವಿ ಮುಚ್ಚಿಕೊಂಡರೆ, ಹಾಡು ಎಷ್ಟೇ ಚೆನ್ನಾಗಿರಲಿ, ಎದ್ದುಬಿಡಿ. ಮರುದಿನವೂ ಕಿವಿ ಗುಂಯ್ ಅನ್ನುತ್ತಿದ್ದರೆ ಕಿವಿ ವೈದ್ಯರಿಗೆ ತೋರಿಸಿ.