‘ತ್ರಿವಳಿ’ಯಲ್ಲಿನ ‘ವಳಿ’: ಒಂದು ಪುನರ್ವಿಶ್ಲೇಷಣೆ

ಒಂದೇ ಬಸುರಿನಲ್ಲಿ ಹುಟ್ಟಿದ ಇಬ್ಬರನ್ನು ಕನ್ನಡವು ‘ಅವಳಿ’, ‘ಜವಳಿ’, ‘ಅವಳಿಜವಳಿ’ ಎಂದೂ ಮೂವರನ್ನು ‘ತ್ರಿವಳಿ’ ಎಂದೂ ಕರೆಯುತ್ತದೆ. ಈ ಕೊನೆಯ ಪದದ ರಚನೆಯನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

‘ಜವಳಿ’ಯ ಮೂಲ ಸ್ಪಷ್ಟ: ಸಂಸ್ಕೃತದ ‘ಯಮಲ’ವು ಪ್ರಾಕೃತದಲ್ಲಿ ‘ಜಮಲ’ವಾಯಿತು, ಕನ್ನಡದಲ್ಲಿ ಮಕಾರ ವಕಾರವಾಗಿ ‘ಜವಳ’, ‘ಜವಳಿ’ಗಳು ದೊರೆತವು. ‘ಅವಳಿ’ಯ ವಿಷಯ ಅಷ್ಟು ಸರಳವಲ್ಲ. ‘ಅದಲುಬದಲು’, ‘ಅಕ್ಕಪಕ್ಕ’ಗಳಲ್ಲಿ ಅರ್ಥವುಳ್ಳ ಪದ ಎರಡನೆಯದು, ಮೊದಲನೆಯದು ಅದರ ಆದಿವ್ಯಂಜನ ಕಳೆದುಳಿದ ಪ್ರತಿಧ್ವನಿ. ‘ಅವಳಿಜವಳಿ’ಯೂ ಇದೇ ಮಾದರಿಯದೆಂದೂ ಪ್ರತಿಧ್ವನಿಯೇ ಮುಂದೆ ಸ್ವತಂತ್ರ ಪದವಾಯಿತೆಂದೂ ನಾವು ಊಹಿಸುತ್ತೇವೆ. ಹುಬ್ಬಳ್ಳಿ-ಧಾರವಾಡ ಇಂದು ‘ಅವಳಿ ನಗರ’ವೇ ಹೊರತು ‘ಜವಳಿ ನಗರ’ವಲ್ಲ, ಬಟ್ಟೆಯನ್ನು ಸೂಚಿಸುವ ‘ಜವಳಿ’ಯೊಡನೆ ಆಗಬಹುದಾದ ಗೊಂದಲವೂ ಇದಕ್ಕೆ ಕಾರಣವಾಗಿರಬೇಕು.

‘ಅವಳಿ’ಯಲ್ಲಿ ಎರಡೆಂಬ ಸಂಖ್ಯೆಯನ್ನು ಹೇಳುವ ಆಕೃತಿಮಾ ಇಲ್ಲ. ಆದರೂ ಭಾಷಿಕರು ಅದನ್ನು ‘ಅ+ವಳಿ’ ಎಂದು ಒಡೆದು, ‘ವಳಿ’ಗೆ ಜೊತೆಹುಟ್ಟಿನ ಅರ್ಥವನ್ನಿತ್ತು, ‘ತ್ರಿ’ಯನ್ನು ಸೇರಿಸಿದಂತೆ ತೋರುತ್ತದೆ. ‘ನಡವಳಿ’, ‘ಹುಟ್ಟುವಳಿ’ಗಳ ಪ್ರತ್ಯಯ ಬೇರೆ. ಹೊಟ್ಟೆಯ ಮೂರು ಮಡಿಕೆಗಳನ್ನು ಹೇಳುವ ಸಂಸ್ಕೃತದ ‘ತ್ರಿವಳಿ’ಯೇ ಅರ್ಥವಿಸ್ತಾರ ಪಡೆಯಿತೆಂಬ ಆಕ್ಷೇಪ ಸಾಧ್ಯ. ಆ ಪರಿಚಿತ ರೂಪ ದಾರಿಯನ್ನು ಸುಗಮಗೊಳಿಸಿರಬಹುದು; ಆದರೆ ‘ತ್ರಿವಳಿ ಮಕ್ಕಳು’ ಎಂಬ ವಿಶೇಷಣಪ್ರಯೋಗ ‘ಅವಳಿ ಮಕ್ಕಳು’ ಎಂಬುದರ ಅಚ್ಚಿನದೇ. ಆದ್ದರಿಂದ ನಿಘಂಟುಗಳಲ್ಲಿ ಇವೆರಡೂ ಪ್ರತ್ಯೇಕ ಉಲ್ಲೇಖಗಳಾಗಿರಬೇಕು. ‘ತ್ರಿವಳಿ ತಲಾಖ್’ ಎಂಬಲ್ಲಂತೂ ಜನನಾರ್ಥವೂ ಕಳಚಿ ಮೂರರ ಕಟ್ಟು ಎಂಬುದಷ್ಟೇ ಉಳಿದಿದೆ.

ಇಷ್ಟಾದರೂ ‘ವಳಿ’ ಪೂರ್ಣ ಉತ್ಪಾದಕ ಪ್ರತ್ಯಯವಾಗಿಲ್ಲ. ನಾಲ್ವರು ಹುಟ್ಟಿದಾಗ ಪತ್ರಿಕೆಗಳು ಪದವನ್ನು ಕಟ್ಟುವ ಬದಲು ‘ಒಂದೇ ಹೆರಿಗೆಯಲ್ಲಿ ನಾಲ್ಕು ಮಕ್ಕಳು’ ಎಂದು ಬಿಡಿಸಿ ಬರೆಯುವುದೇ ವಾಡಿಕೆ.